ಕುದಿಯುವ ಚಹಾಕ್ಕೆ ಅಂಜದ ಪಿಂಗಾಣಿ

ಮೊದಲು ಒಂದು ಸದ್ದು ಕೇಳಿಸುತ್ತೇನೆ. ನನ್ನ ಎಡಗೈ ಬೆರಳುಗಳ ತುದಿಯ ಮೇಲೆ ಈಗ ಒಂದು ಕಪ್ಪು ಕೂತಿದೆ. ಬಲಗೈ ಉಗುರಿನಿಂದ ಅದರ ಅಂಚನ್ನು ಮೆಲ್ಲಗೆ ತಟ್ಟುತ್ತೇನೆ. (ಕಪ್ಪು ತಟ್ಟಿದ ಸದ್ದು.) ಸದ್ದು ಹುಟ್ಟಿತು, ಸ್ವಲ್ಪ ಹೊತ್ತು ನಿಂತಿತು, ಆಮೇಲೆ ಕರಗಿತು. ಈಗ ಅದೇ ಜೊತೆಯ ಇನ್ನೊಂದು ಕಪ್ಪು. (ಮೊಂಡು ಸದ್ದು.) ಇದು ಹುಟ್ಟಿದಲ್ಲೇ ನಿಂತುಹೋಯಿತು. ಒಂದೇ ಬಿಳುಪು, ಒಂದೇ ಚಿನ್ನದ ಗೆರೆ, ಒಂದೇ ಕಾರ್ಖಾನೆ. ಆದರೆ ಎರಡನೆಯದರ ಹಿಡಿಯ ಬುಡದಲ್ಲಿ ಕಣ್ಣಿಗೆ ಬೀಳದ ಒಂದು ಸೀಳಿದೆ. ಅದರಲ್ಲಿ ಚಹಾ ಸುರಿದರೆ ಇಂದಲ್ಲ ನಾಳೆ ಹಿಡಿ ಕೈಯಲ್ಲಿ ಉಳಿದು ಕಪ್ಪು ತೊಡೆಯ ಮೇಲೆ ಬೀಳುತ್ತದೆ. ಹಳೆಯ ಪಿಂಗಾಣಿ ಕೊಳ್ಳುವವರು ಕಣ್ಣಿಗಿಂತ ಮೊದಲು ಕಿವಿಯನ್ನು ನಂಬುತ್ತಾರೆ. ಹಾಗಾಗಿ ಬಾನುಲಿಯಲ್ಲಿ ಮಾತಾಡಲು ಇದು ತಕ್ಕ ವಿಷಯವೆಂದೇ ನನಗೆ ಅನ್ನಿಸಿತು.

ಇಂಗ್ಲೆಂಡಿನ ಹಳೆಯ ಪಿಂಗಾಣಿ ಸಂಗ್ರಹಿಸುವವರಲ್ಲಿ ಹೆಚ್ಚಿನವರು ಅದನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ನನ್ನ ವಾದ ಬೇರೆ. ಈ ತಟ್ಟೆ, ಬಟ್ಟಲು, ಟೀಪಾಟ್‌ಗಳು ಊಟದ ಮೇಜಿಗೆಂದೇ ಹುಟ್ಟಿದವು. ಕುದಿಯುವ ನೀರನ್ನು ತಡೆದುಕೊಳ್ಳುವುದು ಹೇಗೆ ಎಂಬ ಒಂದೇ ಪ್ರಶ್ನೆಯ ಸುತ್ತ ಇಂಗ್ಲಿಷ್ ಪಿಂಗಾಣಿಯ ಮೊದಲ ಐವತ್ತು ವರ್ಷಗಳ ಚರಿತ್ರೆ ಸುತ್ತಿದೆ. ಆ ಪ್ರಶ್ನೆಯನ್ನು ತಿಳಿದುಕೊಂಡವರಿಗೆ ಯಾವುದನ್ನು ಬಳಸಬಹುದು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬುದೂ ತಿಳಿಯುತ್ತದೆ.

ಹದಿನೆಂಟನೆಯ ಶತಮಾನದ ಆರಂಭಕ್ಕೆ ಬರೋಣ. ಇಂಗ್ಲೆಂಡಿಗೆ ಚಹಾ ಬರುತ್ತಿದ್ದದ್ದು ಚೀನಾದಿಂದ. ಅದೇ ಹಡಗಿನಲ್ಲಿ ಪಿಂಗಾಣಿಯೂ ಬರುತ್ತಿತ್ತು. ಹಡಗಿನ ತಳದಲ್ಲಿ ನೀರು ಜಿನುಗಿದರೆ ಚಹಾ ಕೆಡುತ್ತದೆ, ಪಿಂಗಾಣಿ ಕೆಡುವುದಿಲ್ಲ. ಮೇಲಾಗಿ ಹಡಗು ಓಲಾಡದಂತೆ ಅದರ ಭಾರ ಹಿಡಿದಿಡುತ್ತದೆ. ಕೆಳಗೆ ಬಟ್ಟಲುಗಳ ಪೆಟ್ಟಿಗೆ, ಮೇಲೆ ಚಹಾದ ಪೆಟ್ಟಿಗೆ. ಯುರೋಪಿನವರಿಗೆ ಆ ಬಿಳಿ ಬಟ್ಟಲನ್ನು ಮಾಡುವ ಗುಟ್ಟು ಗೊತ್ತಿರಲಿಲ್ಲ. ಜರ್ಮನಿಯ ಮೈಸನ್‌ನಲ್ಲಿ 1710ರ ಹೊತ್ತಿಗೆ ಅದು ಒಲಿಯಿತು. ಇಂಗ್ಲೆಂಡಿಗೆ ಇನ್ನೂ ಮೂರು ದಶಕ ಹಿಡಿಯಿತು.

ಮೊದಲು ಹೆಸರು ಮಾಡಿದ್ದು ಲಂಡನ್ನಿನ ಚೆಲ್ಸಿ. ಅದನ್ನು 1745ರ ಸುಮಾರಿಗೆ ನಡೆಸತೊಡಗಿದ ನಿಕೊಲಸ್ ಸ್ಪ್ರಿಮಾಂಟ್ ಮೂಲತಃ ಬೆಳ್ಳಿ ಕೆಲಸದವನು. ಚೆಲ್ಸಿಯ ಗಿಡಬಳ್ಳಿ ಚಿತ್ರದ ತಟ್ಟೆಗಳನ್ನು ಒಮ್ಮೆ ನೋಡಿದರೆ ಸಾಕು, ಮರೆಯಲಾಗದು: ತಟ್ಟೆಯ ತುಂಬ ಒಂದೇ ಎಲೆ, ಅದರ ಪಕ್ಕ ಒಂದು ಪತಂಗ, ಉಳಿದದ್ದೆಲ್ಲ ಬಿಳಿ. ಆದರೆ ಅದರ ಮಣ್ಣಿನಲ್ಲಿ ಗಾಜಿನಂಶ ಹೆಚ್ಚು. ಅಂಥ ಮಣ್ಣಿನಿಂದ ಮಾಡಿದ ಟೀಪಾಟಿಗೆ ಕುದಿವ ನೀರು ಹೊಯ್ದರೆ ಒಳಮೈ ತಟ್ಟನೆ ಹಿಗ್ಗುತ್ತದೆ, ಹೊರಮೈ ತಣ್ಣಗೇ ಇರುತ್ತದೆ, ನಡುವೆ ಸೀಳು ಬೀಳುತ್ತದೆ. ಅತಿಥಿಗಳ ಎದುರಿಗೇ ಟೀಪಾಟ್ ಒಡೆದರೆ ಮನೆಯೊಡತಿಗೆ ಎಂಥ ಮುಜುಗರ!

ಪರಿಹಾರ ಬಂದದ್ದು ವುಸ್ಟರ್ ಎಂಬ ಊರಿನಿಂದ. 1751ರಲ್ಲಿ ಅಲ್ಲಿ ಹದಿನೈದು ಮಂದಿ ಪಾಲುದಾರರು ಸೇರಿ ಕಾರ್ಖಾನೆ ತೆರೆದರು. ಅವರಲ್ಲಿ ಮುಖ್ಯನಾದ ಜಾನ್ ವಾಲ್ ಒಬ್ಬ ವೈದ್ಯ. ಮರುವರ್ಷವೇ ಬ್ರಿಸ್ಟಲಿನ ಒಂದು ಸಣ್ಣ ಕಾರ್ಖಾನೆಯನ್ನು ತಮ್ಮದರೊಳಗೆ ಸೇರಿಸಿಕೊಂಡರು. ಅದರೊಂದಿಗೆ ಒಂದು ಪಾಕವೂ ಕೈಸೇರಿತು. ಆ ಪಾಕದಲ್ಲಿದ್ದದ್ದು ಕಾರ್ನ್‌ವಾಲ್‌ನ ಬಳಪದ ಕಲ್ಲು. ನಮಗೆ ಇದು ಹೊಸತಲ್ಲ. ಬೇಲೂರು ಹಳೇಬೀಡುಗಳ ಶಿಲ್ಪ ಮೂಡಿದ್ದು ಬಳಪದ ಕಲ್ಲಿನ ಜಾತಿಯ ಶಿಲೆಯಲ್ಲೇ. ಮಲೆನಾಡಿನ ಅಡುಗೆಮನೆಯ ಕಲ್ಮರಿಗೆಯೂ ಅದೇ ಕುಲದ್ದು. ಉರಿಯ ಮೇಲಿಟ್ಟರೂ ಸಿಡಿಯದೆ, ಇಳಿಸಿದ ಮೇಲೂ ಬಹಳ ಹೊತ್ತು ಬಿಸಿ ಹಿಡಿದಿಡುವ ಗುಣ ನಮ್ಮ ಅಜ್ಜಿಯರಿಗೆ ತಿಳಿದೇ ಇತ್ತು. ವುಸ್ಟರಿನವರು ಅದನ್ನು ಪುಡಿ ಮಾಡಿ ಮಣ್ಣಿಗೆ ಬೆರೆಸಿದರು. ಅವರ ಟೀಪಾಟ್ ಕುದಿವ ನೀರಿಗೆ ಅಂಜಲಿಲ್ಲ. ಚೆಲ್ಸಿ 1770ರಲ್ಲಿ ಡರ್ಬಿ ಕಾರ್ಖಾನೆಯವರ ಕೈಗೆ ಹೋಯಿತು, ಮುಂದೆ ಮುಚ್ಚಿತು. ವುಸ್ಟರ್ ಎರಡೂವರೆ ಶತಮಾನ ಬಾಳಿತು.

ಲಂಡನ್ನಿನ ಪೂರ್ವಕ್ಕೆ ಬೋ ಎಂಬಲ್ಲಿ ಇನ್ನೊಂದು ದಾರಿ ಹುಡುಕುತ್ತಿದ್ದರು. ಥಾಮಸ್ ಫ್ರೈ 1749ರಲ್ಲಿ ಪಡೆದ ಪೇಟೆಂಟಿನಲ್ಲಿ ಒಂದು ನಿಗೂಢ ಮಣ್ಣಿನ ಮಾತಿದೆ. ಅದು ಸುಟ್ಟು ಪುಡಿ ಮಾಡಿದ ದನದ ಮೂಳೆ. ಇದೇ ಮುಂದೆ ಇಂಗ್ಲೆಂಡಿನ ಪಿಂಗಾಣಿಯ ತಿರುಳಾಯಿತು. ಸ್ಟಾಫರ್ಡ್‌ಶೈರಿನ ಸ್ಟೋಕ್ ಊರಿನ ಜೋಸಾಯ ಸ್ಪೋಡ್ ಮತ್ತು ಅದೇ ಹೆಸರಿನ ಅವನ ಮಗ ಇಬ್ಬರೂ ಸೇರಿ 1790ರ ದಶಕದಲ್ಲಿ ಅದನ್ನು ಹದಕ್ಕೆ ತಂದರು: ಅರ್ಧ ಪಾಲು ಮೂಳೆಬೂದಿ, ಕಾಲು ಪಾಲು ಕಾರ್ನ್‌ವಾಲ್‌ನ ಬಿಳಿ ಜೇಡಿ, ಕಾಲು ಪಾಲು ಅಲ್ಲಿನದೇ ಒಂದು ಬಗೆಯ ಬಿಳಿ ಕಲ್ಲು. ನಾವು ಇಂದು ಬೋನ್ ಚೈನಾ ಎನ್ನುವುದು ಇದನ್ನೇ. ತೆಳ್ಳಗೆ ಮಾಡಿದರೂ ಗಟ್ಟಿ. ದೀಪಕ್ಕೆ ಹಿಡಿದರೆ ಹಿಂದಿನ ಬೆರಳಿನ ನೆರಳು ಕಾಣುತ್ತದೆ. ಬಿಳುಪಿನಲ್ಲಿ ಒಂದು ಹಾಲಿನ ಛಾಯೆ. ಚೀನಾದ ಪಿಂಗಾಣಿಯ ಬಿಳುಪು ಹೆಚ್ಚಾಗಿ ನೀಲಿಯ ಕಡೆಗೆ ವಾಲುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮೊದಲ ಸಲ ನೋಡುವವರಿಗೂ ವ್ಯತ್ಯಾಸ ತಿಳಿಯುತ್ತದೆ.

ಸ್ಪೋಡ್‌ಗೆ ಕಾಲವೂ ಕೂಡಿಬಂತು. 1784ರಲ್ಲಿ ಬ್ರಿಟಿಷ್ ಸರ್ಕಾರ ಚಹಾದ ಮೇಲಿನ ಸುಂಕವನ್ನು ಶೇಕಡಾ 119ರಿಂದ ಹನ್ನೆರಡೂವರೆಗೆ ಇಳಿಸಿತು. ಸಿರಿವಂತರ ಚಹಾ ಸಾಮಾನ್ಯರ ಮನೆಗೂ ಬಂತು. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚೀನಾದಿಂದ ಸಗಟು ಪಿಂಗಾಣಿ ತರಿಸುವುದನ್ನು ನಿಲ್ಲಿಸಿತು. ಕುಡಿಯುವವರು ಹೆಚ್ಚಿದರು, ಹಡಗಿನ ಬಟ್ಟಲು ನಿಂತಿತು. ನಡುವಿನ ಆ ಅಂತರವನ್ನು ತುಂಬಿದವರು ಸ್ಟಾಫರ್ಡ್‌ಶೈರಿನ ಕುಂಬಾರರು.

ಇಲ್ಲಿ ನಮ್ಮ ಕೇಳುಗರಲ್ಲಿ ಅನೇಕರ ಮನಸ್ಸಿಗೆ ಬಂದಿರಬಹುದಾದ ವಿಷಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಬೋನ್ ಚೈನಾದಲ್ಲಿ ಇರುವುದು ನಿಜವಾದ ದನದ ಮೂಳೆ. ಸುಟ್ಟಾಗ ಅದರ ಮಾಂಸಾಂಶವೆಲ್ಲ ಹೋಗಿ ಬರಿಯ ಖನಿಜ ಉಳಿಯುತ್ತದೆ, ನಿಜ. ಆದರೂ ಮಡಿ, ಸಸ್ಯಾಹಾರ ಎಂದು ನಡೆಸಿಕೊಂಡು ಬಂದ ಮನೆಗಳಲ್ಲಿ ಇದು ಬೇಡ ಎನಿಸಿದರೆ ಆ ಭಾವನೆಯನ್ನು ನಾನು ಗೌರವಿಸುತ್ತೇನೆ. ಉಡುಗೊರೆ ಕೊಡುವಾಗ ಹೇಳಿ ಕೊಡುವುದು ಒಳ್ಳೆಯದು. ಅಂಥವರಿಗೂ ಇಂಗ್ಲೆಂಡಿನ ಹಳೆಯ ಸಾಮಾನಿನಲ್ಲಿ ಬೇಕಾದಷ್ಟು ಆಯ್ಕೆ ಇದೆ. ವುಸ್ಟರಿನ ಬಳಪದ ಕಲ್ಲಿನದು ಇದೆ. ಕುಕ್‌ವರ್ದಿ ಎಂಬ ಔಷಧಿ ವ್ಯಾಪಾರಿ ಕಾರ್ನ್‌ವಾಲ್‌ನಲ್ಲಿ ಬಿಳಿ ಜೇಡಿಯನ್ನು ಹುಡುಕಿ 1768ರಲ್ಲಿ ಪೇಟೆಂಟ್ ಪಡೆದ ಪಾಕ ಇದೆ. 1780ರ ದಶಕದಿಂದ ನ್ಯೂ ಹಾಲ್ ಕಾರ್ಖಾನೆ ಆ ಪಾಕದಲ್ಲೇ ಚಹಾದ ಸಾಮಾನು ಮಾಡಿತು. ಮೇಸನ್ ಎಂಬ ಕುಂಬಾರ 1813ರಲ್ಲಿ ಪೇಟೆಂಟ್ ಪಡೆದ ಐರನ್‌ಸ್ಟೋನ್ ಇದೆ, ದಪ್ಪ, ಭಾರ, ಸುಲಭವಾಗಿ ಸೋಲದ್ದು. ಎಲ್ಲಕ್ಕಿಂತ ಹೆಚ್ಚಾಗಿ ವೆಜ್‌ವುಡ್‌ನ ಕೆನೆಬಣ್ಣದ ಸಾಮಾನು ಇದೆ.

ಜೋಸಾಯ ವೆಜ್‌ವುಡ್ ಬಗ್ಗೆ ಸ್ವಲ್ಪ ನಿಲ್ಲಲೇಬೇಕು. 1730ರಲ್ಲಿ ಬರ್ಸ್ಲಮ್‌ನ ಕುಂಬಾರರ ಮನೆಯಲ್ಲಿ ಹುಟ್ಟಿದವನು. ಎಳೆಯ ವಯಸ್ಸಿನಲ್ಲೇ ಸಿಡುಬು ಬಂದು ಬಲಗಾಲು ಊನವಾಯಿತು. ಕಾಲಿನಿಂದ ತಿಗರಿ ತುಳಿಯಲಾಗದವನು ಮಣ್ಣಿನ, ಮೆರುಗಿನ ಪ್ರಯೋಗಕ್ಕೆ ತಿರುಗಿದ. ಮುಂದೆ 1768ರಲ್ಲಿ ಆ ಕಾಲನ್ನೇ ಕತ್ತರಿಸಬೇಕಾಯಿತು. ಮರುವರ್ಷ ಎಟ್ರೂರಿಯಾ ಎಂಬ ಹೊಸ ಕಾರ್ಖಾನೆ ತೆರೆದ. ಅವನು ತನ್ನ ಬದುಕಿನಲ್ಲಿ ಬೋನ್ ಚೈನಾ ಮಾಡಲೇ ಇಲ್ಲ. ಅವನ ಹೆಮ್ಮೆಯ ಸಾಮಾನು ಸಾಧಾರಣ ಬಿಳಿ ಮಣ್ಣು ಮತ್ತು ಚಕಮಕಿ ಕಲ್ಲಿನ ಪುಡಿಯಿಂದ ಮಾಡಿದ್ದು. ಬೆಲೆ ಕಡಿಮೆ, ಮೈ ಹಗುರ, ಬಿಸಿ ತಡೆಯುತ್ತಿತ್ತು. ರಾಣಿ ಶಾರ್ಲೆಟ್ 1765ರಲ್ಲಿ ಅದರ ಚಹಾ ಸೆಟ್ ತರಿಸಿಕೊಂಡ ಮೇಲೆ ಅದಕ್ಕೆ ರಾಣಿಯ ಹೆಸರೇ ಬಂತು. ರಷ್ಯಾದ ಚಕ್ರವರ್ತಿನಿ ಕ್ಯಾಥರೀನ್ 1773ರಲ್ಲಿ ಒಂದು ದೊಡ್ಡ ಸೆಟ್ಟಿಗೆ ಆರ್ಡರ್ ಕೊಟ್ಟಳು. ಐವತ್ತು ಜನರ ಊಟಕ್ಕೆ 952 ತುಂಡುಗಳು. ಅವುಗಳ ಮೇಲೆ ಬ್ರಿಟನ್ನಿನ ಕೋಟೆ, ಹಳ್ಳಿ, ನದಿ, ತೋಟಗಳ ಸಾವಿರದ ಇನ್ನೂರಕ್ಕೂ ಹೆಚ್ಚು ಕೈಚಿತ್ರ. ಕಪ್ಪೆಗಳ ಜೌಗುನೆಲದ ಮೇಲೆ ಕಟ್ಟಿದ ಅರಮನೆಗೆ ಅದು ಬೇಕಾಗಿತ್ತು. ಆದ್ದರಿಂದ ಪ್ರತಿ ತುಂಡಿನ ಮೇಲೂ ಒಂದು ಹಸಿರು ಕಪ್ಪೆ. ಚಕ್ರವರ್ತಿನಿಯ ಮೇಜಿಗೆ ಹೋದದ್ದು ಪಿಂಗಾಣಿಯಲ್ಲ, ಸುಟ್ಟ ಮಣ್ಣು! ನನಗೆ ಈ ಸಂಗತಿ ಬಹಳ ಇಷ್ಟ. ಸಂಗ್ರಹಕಾರರಲ್ಲಿ ಪಿಂಗಾಣಿಯನ್ನು ಮೇಲೆ ಇಟ್ಟು ಮಣ್ಣಿನ ಸಾಮಾನನ್ನು ಕೆಳಗೆ ನೋಡುವ ಚಾಳಿ ಇದೆ. ವೆಜ್‌ವುಡ್‌ನ ಒಂದು ಕೆನೆಬಣ್ಣದ ತಟ್ಟೆಯ ಅಂಚನ್ನು ಬೆರಳಿನಿಂದ ಸವರಿದವರು ಆ ಮಾತು ಮತ್ತೆ ಆಡಲಾರರು.

ನೀಲಿ ಚಿತ್ರದ ತಟ್ಟೆಗಳ ಕತೆ ಇನ್ನೂ ಸೊಗಸು. ಕೈಯಿಂದ ಬರೆದ ಚಿತ್ರಕ್ಕೆ ಹಣ ಹೆಚ್ಚು. ಲಿವರ್‌ಪೂಲಿನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ 1756ರಲ್ಲಿ ಆರು ಗಂಟೆಯೊಳಗೆ 1200ಕ್ಕೂ ಹೆಚ್ಚು ಹೆಂಚುಗಳ ಮೇಲೆ ಚಿತ್ರ ಅಚ್ಚೊತ್ತಿ ತೋರಿಸಿ, ಹಾಗೆಂದು ಪ್ರಮಾಣಪತ್ರವನ್ನೂ ಮಾಡಿಸಿದರು. ಸ್ಪೋಡ್ 1784ರ ಹೊತ್ತಿಗೆ ಅಚ್ಚನ್ನು ಮೆರುಗಿನ ಅಡಿಗೇ ಇಳಿಸುವ ಬಗೆಯನ್ನು ನೀಲಿಯಲ್ಲಿ ಸಾಧಿಸಿದ. ಮೆರುಗು ಕರಗುವ ಬಿಸಿಯಲ್ಲೂ ಕೋಬಾಲ್ಟ್ ನೀಲಿ ಮಾಸುವುದಿಲ್ಲ. ಕೆಲಸ ಹೀಗೆ ನಡೆಯುತ್ತಿತ್ತು. ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ತಗಡನ್ನು ಬಿಸಿ ಮಾಡಿ, ಎಣ್ಣೆ ಬೆರೆಸಿದ ನೀಲಿ ಬಣ್ಣ ತುಂಬಿ, ತೆಳು ಕಾಗದಕ್ಕೆ ಅಚ್ಚು ತೆಗೆಯುವರು. ಹುಡುಗಿಯರು ಕಾಗದವನ್ನು ಕತ್ತರಿಸುವರು. ಹೆಂಗಸರು ಅದನ್ನು ಒಮ್ಮೆ ಸುಟ್ಟ ತಟ್ಟೆಗೆ ಅಂಟಿಸಿ ಗಟ್ಟಿ ಬ್ರಷ್ಷಿನಿಂದ ಉಜ್ಜುವರು. ನೀರಿನಲ್ಲಿ ಕಾಗದ ಬಿಟ್ಟುಕೊಳ್ಳುತ್ತದೆ, ಚಿತ್ರ ಉಳಿಯುತ್ತದೆ. ನಿಮ್ಮ ಕೈಗೆ ಇಂಥ ಹಳೆಯ ತಟ್ಟೆ ಬಂದರೆ ಅಂಚಿನ ಬಳ್ಳಿಯನ್ನು ಸುತ್ತಲೂ ಗಮನಿಸಿ. ಎಲ್ಲೋ ಒಂದು ಕಡೆ ಬಳ್ಳಿ ಸರಿಯಾಗಿ ಕೂಡಿಕೊಂಡಿರುವುದಿಲ್ಲ, ಅರ್ಧ ಹೂವು ಇನ್ನರ್ಧ ಹೂವನ್ನು ತಪ್ಪಿಸಿಕೊಂಡಿರುತ್ತದೆ. ಕಾಗದದ ಎರಡು ತುದಿ ಸೇರಿದ ಜಾಗ ಅದು. ಒಬ್ಬ ಹೆಂಗಸಿನ ಕೈ ಎಲ್ಲಿ ಅವಸರಿಸಿತು ಎಂದು ಇನ್ನೂರು ವರ್ಷ ಕಳೆದರೂ ಗೊತ್ತಾಗುತ್ತದೆ.

ಈ ನೀಲಿ ತಟ್ಟೆಗಳ ಮೇಲೆ ಭಾರತವೂ ಬಂತು. ಕ್ಯಾಪ್ಟನ್ ಥಾಮಸ್ ವಿಲಿಯಮ್ಸನ್ ಬಂಗಾಳದ ಬೇಟೆಗಳ ಬಗ್ಗೆ ಬರೆದ ಪುಸ್ತಕದ ಚಿತ್ರಗಳನ್ನು ಹಿಡಿದು ಸ್ಪೋಡ್ 1815ರ ಸುಮಾರಿಗೆ ಒಂದು ಇಡೀ ಊಟದ ಸೆಟ್ಟನ್ನೇ ಹೊರತಂದ. ಆನೆ, ಹುಲಿ, ಕರಡಿ, ನಾಯಿ ಹಿಡಿದವರು, ಎಲ್ಲ ನೀಲಿಯಲ್ಲಿ. ಡೇನಿಯಲ್ ಮನೆತನದ ಚಿತ್ರಕಾರ ಬಂಧುಗಳು ನಮ್ಮ ದೇಶ ಸುತ್ತಿ ಬರೆದ ಚಿತ್ರಗಳಿಂದ ದೆಹಲಿಯ ಪಾಳುಕಟ್ಟಡಗಳೂ ಇಂಗ್ಲಿಷ್ ತಟ್ಟೆಗೆ ಇಳಿದವು. ಕನ್ನಡ ನಾಡಿನ ನೆನಪು ಬಂದದ್ದು ಮಾತ್ರ ತಟ್ಟೆಯ ಮೇಲಲ್ಲ, ಒಂದು ಬೊಂಬೆಯಾಗಿ. ಟಿಪ್ಪುವಿನ ಮರದ ಹುಲಿಯಂತ್ರ ಶ್ರೀರಂಗಪಟ್ಟಣದಿಂದ ಲಂಡನ್ನಿಗೆ ಹೋಗಿ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಜನರ ನೋಟಕ್ಕೆ ಸಿಕ್ಕಿತ್ತು. 1820ರ ಸುಮಾರಿಗೆ ಸ್ಟಾಫರ್ಡ್‌ಶೈರಿನ ಕುಂಬಾರರು ಹುಲಿಯ ಬಾಯಲ್ಲಿ ಸಿಕ್ಕ ಇಂಗ್ಲಿಷ್ ಅಧಿಕಾರಿಯ ಮಣ್ಣಿನ ಬೊಂಬೆ ಮಾಡಿದರು. 1792ರಲ್ಲಿ ಬಂಗಾಳದ ಸಾಗರದ್ವೀಪದಲ್ಲಿ ಹುಲಿಗೆ ಬಲಿಯಾದ ಮನ್ರೋ ಎಂಬ ತರುಣನ ಹೆಸರು ಅದರ ಪೀಠದ ಮೇಲಿದೆ. ಹುಲಿಯ ಕೆಳಗೆ ಅಂಗಾತ ಬಿದ್ದ ಆ ಭಂಗಿ ಮಾತ್ರ ಟಿಪ್ಪುವಿನ ಯಂತ್ರವನ್ನು ನೋಡಿದವರಿಗೆ ಪರಿಚಿತ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಈಗ ಟಿಪ್ಪುವಿನ ಹುಲಿಯೂ ಇದೆ, ಈ ಬೊಂಬೆಯೂ ಇದೆ.

ಅದೇ ಮ್ಯೂಸಿಯಂಗೆ ಇಂಗ್ಲಿಷ್ ಪಿಂಗಾಣಿಯ ಬಹುದೊಡ್ಡ ಸಂಗ್ರಹ ಕೊಟ್ಟವಳು ಲೇಡಿ ಶಾರ್ಲೆಟ್ ಶ್ರೈಬರ್. ಗಂಡ ತೀರಿಕೊಂಡ ಮೇಲೆ ವೇಲ್ಸಿನ ದೊಡ್ಡ ಕಬ್ಬಿಣದ ಕಾರ್ಖಾನೆ ನಡೆಸಿದವಳು, ಹತ್ತು ಮಕ್ಕಳ ತಾಯಿ, ವೆಲ್ಶ್ ಭಾಷೆಯ ಹಳೆಯ ಕಥೆಗಳನ್ನು ಇಂಗ್ಲಿಷಿಗೆ ತಂದ ವಿದುಷಿ. ಎರಡನೆಯ ಗಂಡನ ಜೊತೆ ಯುರೋಪಿನ ಊರೂರು ಅಲೆದು, ಹಳೆ ಸಾಮಾನಿನ ಅಂಗಡಿಗಳ ಮೂಲೆ ಕೆದಕಿ, ಕೊಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟಳು. ಅವನು 1884ರಲ್ಲಿ ತೀರಿಕೊಂಡಾಗ ಅವನ ನೆನಪಿಗೆ ಸುಮಾರು 1800 ತುಂಡುಗಳನ್ನು ದೇಶಕ್ಕೆ ಕೊಟ್ಟಳು. ಚೆಲ್ಸಿ, ಬೋ, ವುಸ್ಟರ್‌ಗಳ ಅಪರೂಪದ ತುಂಡುಗಳು ಹೀಗೆ ಸುರಕ್ಷಿತವಾಗಿವೆ. ಕಾಪಾಡಬೇಕಾದದ್ದನ್ನು ಕಾಪಾಡುವ ಕೆಲಸ ಆಗಿದೆ. ನಮ್ಮ ನಿಮ್ಮ ಕೈಗೆ ಬರುವುದು ಆ ದರ್ಜೆಯದಲ್ಲ. ಸಾವಿರಾರು ಮನೆಗಳಿಗಾಗಿ ಸಾವಿರಾರು ಸಂಖ್ಯೆಯಲ್ಲಿ ಮಾಡಿದ ವಿಕ್ಟೋರಿಯಾ ಕಾಲದ ಸಾಮಾನು ಅದು. ಅದನ್ನು ಬಳಸದೆ ಇಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಬಳಸುವ ಮುನ್ನ ಇದನ್ನು ಮಾಡಿದವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಸ್ಟಾಫರ್ಡ್‌ಶೈರಿನ ಆರು ಕುಂಬಾರ ಊರುಗಳ ಆಕಾಶ ಕಲ್ಲಿದ್ದಲ ಹೊಗೆಯಿಂದ ಕಪ್ಪಾಗಿರುತ್ತಿತ್ತು. ಬಾಟಲಿಯಾಕಾರದ ಇಟ್ಟಿಗೆಯ ಆವಿಗೆಗಳು ಮನೆಗಳ ನಡುವೆಯೇ ಎದ್ದಿದ್ದವು. 1840ರ ದಶಕದ ಆರಂಭದಲ್ಲಿ ಮಕ್ಕಳ ದುಡಿಮೆ ಕುರಿತ ಸರ್ಕಾರಿ ಆಯೋಗಕ್ಕಾಗಿ ಸ್ಯಾಮ್ಯುಯೆಲ್ ಸ್ಕ್ರಿವೆನ್ ಅಲ್ಲಿಗೆ ಹೋಗಿ ಮಕ್ಕಳ ಬಾಯಿಂದಲೇ ಕೇಳಿ ಬರೆದುಕೊಂಡ. ತಟ್ಟೆ ಅಂಟಿದ ಅಚ್ಚುಗಳನ್ನು ಹೊತ್ತು ಚಿಕ್ಕ ಹುಡುಗರು ಬೆಂಕಿಯ ಕೋಣೆಗೆ ಓಡಬೇಕು, ಅಲ್ಲಿಂದ ಖಾಲಿ ಅಚ್ಚು ಹೊತ್ತು ಮತ್ತೆ ಓಡಿ ಬರಬೇಕು, ಬೆಳಗಿನಿಂದ ರಾತ್ರಿಯವರೆಗೆ. ಚಕಮಕಿ ಕಲ್ಲಿನ ಧೂಳು ಉಸಿರಿಗೆ ಸೇರಿ ಶ್ವಾಸಕೋಶ ಕಲ್ಲಾಗುತ್ತಿತ್ತು. ಮೆರುಗಿನಲ್ಲಿ ಸೀಸ ಇರುತ್ತಿತ್ತು. ಅದರಲ್ಲಿ ಕೈ ಅದ್ದಿ ಅದ್ದಿ ದುಡಿದವರ ಮಣಿಕಟ್ಟು ಜೋತುಬೀಳುತ್ತಿತ್ತು, ಕೆಲವರ ಕಣ್ಣು ಹೋಗುತ್ತಿತ್ತು. ಸೀಸವಿಲ್ಲದ ಮೆರುಗು ಆಗದ ಮಾತೇನಲ್ಲ. ಕೋಲ್‌ಪೋರ್ಟಿನ ಜಾನ್ ರೋಸ್ 1820ರಲ್ಲೇ ಅದನ್ನು ಮಾಡಿ ಪದಕ ಪಡೆದಿದ್ದ. ಆದರೂ ಮಾಲೀಕರು ಹಳೆಯದನ್ನೇ ಬಿಡದೆ ಹಿಡಿದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸರ್ಕಾರ ತನಿಖೆ ಮಾಡಿಸುವವರೆಗೆ, ಸದರ್‌ಲೆಂಡಿನ ಡಚೆಸ್ ಮಿಲಿಸೆಂಟ್‌ನಂಥವರು ದನಿ ಎತ್ತುವವರೆಗೆ, ಆ ನೋವು ನಡೆದೇ ಇತ್ತು. ಕೈಯಲ್ಲಿ ಕಪ್ಪು ಹಿಡಿದಾಗ ನಾನು ಇದನ್ನು ನೆನೆಯುತ್ತೇನೆ. ಅಷ್ಟು ಕಷ್ಟದಲ್ಲಿ ಹುಟ್ಟಿದ ವಸ್ತುವನ್ನು ಅಲಕ್ಷ್ಯದಿಂದ ಒಡೆಯಲು ಮನಸ್ಸು ಬರುವುದಿಲ್ಲ.

ಈ ಸೀಸದ ಮಾತು ನಮ್ಮ ಬಳಕೆಗೂ ತಾಗುತ್ತದೆ. ಹಳೆಯ ಮೆರುಗಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಮೆರುಗಿನ ಮೇಲೆ ಬರೆದ ಬಣ್ಣದಲ್ಲಿ, ಸೀಸ ಇರಬಹುದು. ಹುಳಿ ಪದಾರ್ಥ ಅದನ್ನು ಎಳೆದುಕೊಳ್ಳುತ್ತದೆ. ನಮ್ಮ ಊಟದಲ್ಲಿ ಹುಳಿ ಇಲ್ಲದ್ದು ಯಾವುದು? ಹುಣಸೆ, ನಿಂಬೆ, ಟೊಮೆಟೊ, ಮೊಸರು, ಉಪ್ಪಿನಕಾಯಿ. ಆದ್ದರಿಂದ ಹಳೆಯ ತಟ್ಟೆಯಲ್ಲಿ ಸಾರು ಅನ್ನ ಬಡಿಸಬೇಡಿ, ಹಳೆಯ ಜಾಡಿಯಲ್ಲಿ ಉಪ್ಪಿನಕಾಯಿ ಇಡಲೇಬೇಡಿ. ಒಳಮೈ ಬರಿಬಿಳಿ ಇರುವ, ಬಣ್ಣವೆಲ್ಲ ಹೊರಗಿರುವ ಕಪ್ಪನ್ನು ಚಹಾ ಕಾಫಿಗೆ ಆರಿಸಿಕೊಳ್ಳಿ, ಕುಡಿದು ತೊಳೆದಿಡಿ. ತಟ್ಟೆಗೆ ಚಕ್ಕುಲಿ, ಕೋಡುಬಳೆ, ಬಿಸ್ಕತ್ತು, ಒಣ ತಿಂಡಿ ಚೆನ್ನ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ದಿನನಿತ್ಯದ ಬಳಕೆಗೆ ಹಳೆಯದು ಬೇಡ. ಮೆರುಗಿನ ತುಂಬ ನವಿರು ಬಿರುಕುಗಳ ಬಲೆ ಹರಡಿದ್ದರೆ ಅದನ್ನು ಊಟಕ್ಕೆ ಬಳಸಬಾರದು. ಆ ಬಿರುಕಿನೊಳಗೆ ಎಣ್ಣೆಯೂ ಕೊಳೆಯೂ ಇಳಿಯುತ್ತವೆ. ಅರಿಶಿನ ಇಳಿದರಂತೂ ಮುಗಿಯಿತು.

ಬಿಸಿಯ ವಿಷಯಕ್ಕೆ ಮತ್ತೆ ಬರುತ್ತೇನೆ. ತಣ್ಣನೆಯ ಹಳೆಯ ಕಪ್ಪಿಗೆ ನೇರವಾಗಿ ಕುದಿವ ಚಹಾ ಸುರಿಯಬಾರದು. ಮೊದಲು ಉಗುರುಬೆಚ್ಚಗಿನ ನೀರು ಹಾಕಿ, ಕಪ್ಪಿನ ಮೈ ಬೆಚ್ಚಗಾದ ಮೇಲೆ ಆ ನೀರು ಚೆಲ್ಲಿ ಚಹಾ ಹಾಕಬೇಕು. ಚಿನ್ನದ ಗೆರೆ ಇರುವುದನ್ನು ಮೈಕ್ರೊವೇವಿನಲ್ಲಿ ಇಡಬೇಡಿ, ಕಿಡಿ ಹಾರುತ್ತದೆ. ಪಾತ್ರೆ ತೊಳೆಯುವ ಯಂತ್ರಕ್ಕೂ ಹಾಕಬೇಡಿ. ಆ ಕಾಲದಲ್ಲಿ ಪಾದರಸ ಬೆರೆಸಿದ ಚಿನ್ನ ಹಚ್ಚಿ, ಸುಟ್ಟು, ಅಗೇಟ್ ಕಲ್ಲಿನಿಂದ ಉಜ್ಜಿ ಉಜ್ಜಿ ಹೊಳಪು ತರಿಸುತ್ತಿದ್ದರು. ನಾವು ಸ್ಟೀಲ್ ಉಜ್ಜಿಗೆಯಿಂದ ಅದನ್ನು ಒಂದೇ ವಾರದಲ್ಲಿ ಅಳಿಸಿಬಿಡಬಹುದು. ಪ್ಲಾಸ್ಟಿಕ್ ಬೋಗುಣಿಯ ತಳಕ್ಕೆ ಬಟ್ಟೆ ಹಾಸಿ, ಒಂದೊಂದನ್ನೇ ಕೈಯಿಂದ ತೊಳೆಯಿರಿ. ತಟ್ಟೆಗಳ ನಡುವೆ ಬಟ್ಟೆ ಇಟ್ಟು ಪೇರಿಸಿ. ಕಪ್ಪುಗಳನ್ನು ಹಿಡಿಗೆ ಕೊಕ್ಕೆ ಹಾಕಿ ತೂಗುಬಿಡಬೇಡಿ. ಕಪ್ಪಿನಲ್ಲಿ ಮೊದಲು ಸೋಲುವುದು ಹಿಡಿಯ ಬೆಸುಗೆಯೇ.

ಬಸಿಯ ಬಗ್ಗೆಯೂ ಒಂದು ಮಾತು. ನಮ್ಮ ಹೋಟೆಲುಗಳಲ್ಲಿ, ಹಳ್ಳಿಯ ಜಗಲಿಗಳಲ್ಲಿ ಹಿರಿಯರು ಚಹಾವನ್ನು ಬಸಿಗೆ ಸುರಿದು ಆರಿಸಿ ಕುಡಿಯುವುದನ್ನು ಕೆಲವರು ಒರಟು ಎನ್ನುತ್ತಾರೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಎಷ್ಟೋ ಜನ ಹಾಗೆಯೇ ಕುಡಿಯುತ್ತಿದ್ದರು. ಆ ಕಾಲದ ಬಸಿಗಳನ್ನು ನೋಡಿ: ಆಳ ಹೆಚ್ಚು, ನಡುವೆ ಕಪ್ಪು ಕೂರುವ ಕುಳಿ ಇಲ್ಲ. ಆಗಿನ ಚಹಾ ಬಟ್ಟಲಿಗೆ ಹಿಡಿಯೂ ಇರಲಿಲ್ಲ. ಶತಮಾನದ ಕೊನೆಗೆ ಹಿಡಿ ಸಾಮಾನ್ಯವಾಯಿತು. ಆಗಿನ ಸೆಟ್ಟುಗಳಲ್ಲಿ ಒಂದು ಚಹಾ ಕಪ್ಪು, ಒಂದು ಕಾಫಿ ಕಪ್ಪು, ಎರಡಕ್ಕೂ ಸೇರಿ ಒಂದೇ ಬಸಿ. ಒಬ್ಬರು ಎರಡನ್ನೂ ಒಟ್ಟಿಗೆ ಕುಡಿಯುವುದಿಲ್ಲವಲ್ಲ! ಇಂದು ಆ ಮೂರೂ ಒಟ್ಟಿಗೆ ಸಿಕ್ಕರೆ ಸಂಗ್ರಹಕಾರರಿಗೆ ಹಬ್ಬ.

ಕೊಳ್ಳುವುದು ಹೇಗೆ? ಹೊಸಬರು ಮೊದಲು ತಳ ತಿರುಗಿಸಿ ಮುದ್ರೆ ಹುಡುಕುತ್ತಾರೆ. ನಾನು ಮುದ್ರೆಯನ್ನು ಕೊನೆಗೆ ನೋಡಿ ಎನ್ನುತ್ತೇನೆ. ಹದಿನೆಂಟನೆಯ ಶತಮಾನದ ಎಷ್ಟೋ ಒಳ್ಳೆಯ ಸಾಮಾನಿಗೆ ಮುದ್ರೆಯೇ ಇಲ್ಲ. ವುಸ್ಟರಿನವರೇ ಮೈಸನ್‌ನ ಅಡ್ಡಕತ್ತಿಯ ಗುರುತನ್ನು ನಕಲು ಮಾಡಿದ್ದರು. ಪ್ಯಾರಿಸ್ಸಿನ ಸ್ಯಾಮ್ಸನ್ ಹತ್ತೊಂಬತ್ತನೆಯ ಶತಮಾನದಲ್ಲಿ ಚೆಲ್ಸಿಯ ಚಿನ್ನದ ಲಂಗರಿನ ಗುರುತನ್ನು ಧಾರಾಳವಾಗಿ ಹಾಕಿ ಮಾರಿದ. ಆದರೂ ಕೆಲವು ಗುರುತು ಖಂಡಿತ ನೆರವಾಗುತ್ತವೆ. ವಜ್ರಾಕಾರದ ಮುದ್ರೆ, ಅದರ ತುದಿಯ ವೃತ್ತದಲ್ಲಿ ರೋಮನ್ ನಾಲ್ಕು ಇದ್ದರೆ, ಆ ವಿನ್ಯಾಸ 1842ರಿಂದ 1883ರೊಳಗೆ ನೋಂದಣಿಯಾದದ್ದು. ಇಂಗ್ಲೆಂಡ್ ಎಂಬ ಹೆಸರು ತಳದಲ್ಲಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು, ಯಾಕೆಂದರೆ ಆಗ ಅಮೆರಿಕದ ಸುಂಕದ ಕಾನೂನು ಮೂಲ ದೇಶದ ಹೆಸರು ಬೇಕೇಬೇಕು ಎಂದಿತು. ಮೇಡ್ ಇನ್ ಇಂಗ್ಲೆಂಡ್ ಎಂದಿದ್ದರೆ ಇಪ್ಪತ್ತನೆಯ ಶತಮಾನದ್ದೆಂದು ತಿಳಿಯಿರಿ. ಮುದ್ರೆಯೊಳಗೆ ಒಂದು ಹಳೆಯ ವರ್ಷ ಬರೆದಿದ್ದರೆ ಮರುಳಾಗಬೇಡಿ, ಹೆಚ್ಚಾಗಿ ಅದು ಕಾರ್ಖಾನೆ ಶುರುವಾದ ವರ್ಷ. ಇನ್ನು ಅಂಚಿನ ಸುತ್ತ ಬೆರಳ ತುದಿ ಆಡಿಸಿ, ಚೂರು ಹಾರಿದ್ದರೆ ಬೆರಳು ಹೇಳುತ್ತದೆ. ಬೆಳಕಿಗೆ ಹಿಡಿಯಿರಿ. ತಟ್ಟಿ ಕೇಳಿ.

ತಟ್ಟೆಯ ಮೇಲೆ ಚಾಕುವಿನ ಗೀರು ಇದ್ದರೆ ಬೆಲೆ ಇಳಿಯುತ್ತದೆ. ನಾನು ಅಂಥದ್ದನ್ನೇ ಇಷ್ಟಪಟ್ಟು ಕೊಳ್ಳುತ್ತೇನೆ. ಹಳೆಯ ತಟ್ಟೆಯ ಒಡಕನ್ನು ಲೋಹದ ಸಣ್ಣ ಕೊಂಡಿಗಳಿಂದ ಹೊಲಿದಿರುವುದೂ ಉಂಟು. ಆ ಕೆಲಸದವರು ಬೀದಿ ಬೀದಿ ತಿರುಗಿ, ಪಿಂಗಾಣಿಯ ಪೂರ್ತಿ ದಪ್ಪಕ್ಕೆ ತೂತು ಹೋಗದಂತೆ ಕೊರೆದು ಕೊಂಡಿ ಕೂರಿಸುತ್ತಿದ್ದರು. ಬಳಕೆಗೆ ಅದು ಬೇಡ, ಗೋಡೆಗೆ ತೂಗುಹಾಕಿ. ಒಂದು ಮನೆಯವರು ಆ ತಟ್ಟೆಯನ್ನು ಎಷ್ಟು ಹಚ್ಚಿಕೊಂಡಿದ್ದರೆಂಬುದು ಆ ಕೊಂಡಿಗಳಲ್ಲಿ ಕಾಣುತ್ತದೆ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಇದು ಒಳ್ಳೆಯ ಕಾಲ. ದೊಡ್ಡ ಊಟದ ಸೆಟ್ಟುಗಳನ್ನು ಇಡಲು ಅಲ್ಲಿನ ಸಣ್ಣ ಮನೆಗಳಲ್ಲಿ ಜಾಗವಿಲ್ಲ, ತೊಳೆಯಲು ಪುರುಸೊತ್ತಿಲ್ಲ. ದಾನದ ಅಂಗಡಿಗಳಲ್ಲಿ, ಭಾನುವಾರ ಕಾರಿನ ಡಿಕ್ಕಿ ತೆರೆದು ಮಾರುವ ಸಂತೆಗಳಲ್ಲಿ ನೂರು ವರ್ಷದ ಕಪ್ಪು-ಬಸಿ ಹೊಸದಕ್ಕಿಂತ ಅಗ್ಗವಾಗಿ ಸಿಗುವುದುಂಟು. ತಯಾರಕರ ಕಡೆಯ ಸುದ್ದಿ ಮಾತ್ರ ದುಃಖದ್ದು. ಸ್ಪೋಡ್ ಮತ್ತು ರಾಯಲ್ ವುಸ್ಟರ್ 2008ರಲ್ಲಿ ದಿವಾಳಿಯ ದಾರಿ ಹಿಡಿದವು. ಮರುವರ್ಷ ಅವುಗಳ ಹೆಸರುಗಳನ್ನು ಇನ್ನೊಂದು ಕಂಪನಿ ಕೊಂಡಿತು. ಕಲ್ಲಿದ್ದಲ ಬಾಟಲ್ ಆವಿಗೆಯ ಕೊನೆಯ ಸುಡುವಿಕೆ 1978ರಲ್ಲಿ ಲಾಂಗ್ಟನ್‌ನಲ್ಲಿ ನಡೆಯಿತು. ಒಂದು ಕಾಲಕ್ಕೆ ಸಾವಿರಗಟ್ಟಲೆ ಇದ್ದ ಆವಿಗೆಗಳಲ್ಲಿ ಐವತ್ತಕ್ಕೂ ಕಡಿಮೆ ಉಳಿದಿವೆ. ಲಾಂಗ್ಟನ್‌ನ ಗ್ಲಾಡ್‌ಸ್ಟನ್ ಮ್ಯೂಸಿಯಂನಲ್ಲಿ ಅಂಥ ಆವಿಗೆಯ ಒಳಗೇ ನಡೆದು ಹೋಗಬಹುದು. ಆ ಕಡೆ ಹೋದವರು ತಪ್ಪಿಸಬೇಡಿ.

ಶುರು ಮಾಡಬೇಕೆನ್ನುವವರು ಇಡೀ ಸೆಟ್ಟಿಗೆ ಆಸೆ ಪಡಬೇಡಿ. ಒಂದು ಕಪ್ಪು, ಒಂದು ಬಸಿ ಸಾಕು. ಹತ್ತೊಂಬತ್ತನೆಯ ಶತಮಾನದ ಕೊನೆಯದು, ಒಳಗೆ ಬಿಳಿ, ಹೊರಗೆ ನಿಮಗೆ ಮೆಚ್ಚಿದ ಹೂವು. ಮುಂದೆ ಬೇರೆ ಬೇರೆ ಕಾರ್ಖಾನೆಗಳ ಒಂದೊಂದನ್ನೇ ಸೇರಿಸುತ್ತ ಹೋಗಿ. ಆರು ಅತಿಥಿಗಳಿಗೆ ಆರು ಬಗೆಯ ಕಪ್ಪು ಕೊಟ್ಟರೆ ಯಾರ ಕಪ್ಪು ಯಾವುದೆಂಬ ಗೊಂದಲವೂ ಇಲ್ಲ, ಪ್ರತಿಯೊಬ್ಬರೂ ತಮ್ಮದನ್ನು ತಿರುಗಿಸಿ ನೋಡುತ್ತಾರೆ, ಮಾತು ತಾನಾಗಿ ಹುಟ್ಟುತ್ತದೆ. ಕೊಂಡು ತಂದ ದಿನ ರಾತ್ರಿ ಕಪ್ಪಿನ ತುಂಬ ಬೆಚ್ಚಗಿನ ನೀರು ಹಾಕಿ, ಕೆಳಗೆ ಒಣ ಕಾಗದ ಇಟ್ಟು, ಹಾಗೆಯೇ ಬಿಡಿ. ಬೆಳಿಗ್ಗೆ ಕಾಗದ ಒದ್ದೆಯಾಗಿದ್ದರೆ ಅದರಲ್ಲಿ ಪೆನ್ನು ಪೆನ್ಸಿಲ್ ಇಟ್ಟುಕೊಳ್ಳಿ. ಒಣಗಿದ್ದರೆ ಅಂದಿನ ಚಹಾ ಅದರಲ್ಲೇ ಆಗಲಿ.